ಪಟ್ಟಾ ಇದ್ದರೆ ಸಾಕೇ? ಕೊಯಮತ್ತೂರು–ತಿರುಪ್ಪೂರು ಸೀಮೆಯ ನೆಲದ ಪ್ರಶ್ನೆಗಳು

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲದ ರೈತನ ಜಮೀನಿನ ತಕರಾರು ಮೇಲಕ್ಕೆ ಹೋದರೆ ಮುಟ್ಟುತ್ತಿದ್ದುದು ಕೊಯಮತ್ತೂರಿನ ಕಲೆಕ್ಟರ್ ಕಚೇರಿಯನ್ನು. ಅದಕ್ಕೂ ಹಿಂದೆ, 1799ರಲ್ಲಿ ಶ್ರೀರಂಗಪಟ್ಟಣ ಬೀಳುವ ತನಕ, ಕೊಯಮತ್ತೂರೇ ಮೈಸೂರಿನ ಆಳ್ವಿಕೆಯಲ್ಲಿತ್ತು. ದೇವಾಂಗ ನೇಕಾರರ ಕೇರಿಗಳಲ್ಲಿ, ಒಕ್ಕಲಿಗ ಗೌಡರ ತೋಟದ ಮನೆಗಳಲ್ಲಿ ಇವತ್ತಿಗೂ ಅಲ್ಲಿ ಕನ್ನಡ ಕೇಳಿಸುತ್ತದೆ. ಗಡಿ ಬೇರೆಯಾಗಿರಬಹುದು, ನೆಲದ ವಿಷಯದಲ್ಲಿ ಅವರ ತಂಟೆ ತಕರಾರುಗಳಿಗೂ ನಮ್ಮವಕ್ಕೂ ನಂಟು ತಪ್ಪಿಲ್ಲ.

ಕೊಯಮತ್ತೂರು ಮತ್ತು 2009ರಲ್ಲಿ ಅದರಿಂದಲೂ ಈರೋಡಿನಿಂದಲೂ ಒಡೆದು ರೂಪುಗೊಂಡ ತಿರುಪ್ಪೂರು ಜಿಲ್ಲೆ ಸೇರಿದರೆ ಕೊಂಗುನಾಡಿನ ತಿರುಳು. ಸ್ವಂತ ಹಿಡುವಳಿ, ಸ್ವಂತ ಬಾವಿ, ಸ್ವಂತ ದುಡಿಮೆ ಎಂದು ಹೆಸರಾದ ಸೀಮೆ ಇದು. ರೈತನ ಕೈಯಲ್ಲಿ ಪಟ್ಟಾ, ಅಂದರೆ ಜಮೀನಿನ ಹಕ್ಕಿನ ದಾಖಲೆ, ಗಟ್ಟಿಯಾಗಿರುವ ಜಾಗ ತಮಿಳುನಾಡಿನಲ್ಲಿ ಇದ್ದರೆ ಅದು ಇಲ್ಲೇ ಇರಬೇಕು. ಆದರೂ ಕಳೆದ ಮೂವತ್ತು ವರ್ಷಗಳಲ್ಲಿ ಅನಿಲ ಕೊಳವೆ, ವಿದ್ಯುತ್ ಗೋಪುರ, ಕೈಗಾರಿಕಾ ಪಾರ್ಕು, ಬಣ್ಣದ ನೀರು, ಇಟ್ಟಿಗೆ ಗೂಡು, ಲೇಔಟು ಎಂದು ಒಂದಲ್ಲ ಒಂದು ಕಾರಣಕ್ಕೆ ಇಲ್ಲಿನ ರೈತರು ಬೀದಿಗಿಳಿದಿದ್ದಾರೆ. ಈ ಜಗಳಗಳಲ್ಲಿ ನೆಲ ಯಾರದು ಎಂಬುದು ಹೆಚ್ಚಾಗಿ ವಿವಾದದ ವಿಷಯವೇ ಆಗಿರಲಿಲ್ಲ. ಆ ನೆಲದಲ್ಲಿ ಏನಾಗಬೇಕು ಎಂದು ಹೇಳುವವರು ಯಾರು ಎಂಬುದೇ ಪ್ರಶ್ನೆಯಾಗಿತ್ತು.

ರೈತವಾರಿಯ ಬಳುವಳಿ

1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಕಂಪನಿಯ ಕೈಗೆ ಹೋದಾಗ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಅಲ್ಲಿ ಹೊಲಹೊಲವನ್ನೂ ಅಳೆದು, ಜಮೀನ್ದಾರನ ಮಧ್ಯಸ್ಥಿಕೆಯಿಲ್ಲದೆ, ರೈತನಿಂದ ನೇರ ಕಂದಾಯ ಎತ್ತುವ ‘ರೈತವಾರಿ’ ಕ್ರಮ ಹಾಕಿದರು. 1799ರ ಬಳಿಕ ಅದು ಕೊಯಮತ್ತೂರಿಗೂ ಬಂತು. ನಡುವೆ ಹಳ್ಳಿಗಳನ್ನು ಒಟ್ಟಾಗಿ ಗುತ್ತಿಗೆ ಕೊಡುವ ಪ್ರಯೋಗ ನಡೆದು ಸೋತು, ಮನ್ರೋ 1820ರಲ್ಲಿ ಮದರಾಸಿನ ಗವರ್ನರ್ ಆದ ಮೇಲೆ ರೈತವಾರಿಯೇ ನೆಲೆನಿಂತಿತು. ಕಂದಾಯದ ಕಾಗದ ಯಾರ ಕೈಯಲ್ಲಿದೆಯೋ ಊರು ಅವರ ಹಿಡಿತದಲ್ಲಿ ಎಂಬುದಕ್ಕೂ ಆ ಕಾಲದಲ್ಲೇ ಇಲ್ಲಿ ನಿದರ್ಶನವಿದೆ. ಕೊಯಮತ್ತೂರಿನ ಖಜಾನೆಯ ಕಾಶಿ ಚೆಟ್ಟಿಯ ಭಾರೀ ಅಕ್ರಮಗಳ ವಿಚಾರಣೆಗೆ 1816ರಲ್ಲಿ ಸ್ವತಃ ಮನ್ರೋನನ್ನೂ ಅಧಿಕಾರಿ ಜಾನ್ ಸಲಿವನ್‌ನನ್ನೂ ನೇಮಿಸಬೇಕಾಯಿತು.

ರೈತವಾರಿಯಲ್ಲಿ ಸರ್ಕಾರದ ಎದುರಿಗೆ ನಿಂತವನು ಒಬ್ಬೊಬ್ಬ ಪಟ್ಟಾದಾರ. ಅವನ ಹೊಲ ನಂಜೈಯೋ, ಪುಂಜೈಯೋ, ಅಂದರೆ ನಮ್ಮ ತರಿಯೋ ಖುಷ್ಕಿಯೋ ಎಂದು ದಾಖಲಾಯಿತು. ಯಾರ ಪಟ್ಟಾಕ್ಕೂ ಸೇರದ ಕೆರೆ, ಹಳ್ಳ, ದಾರಿ, ಮೇವಿನ ಬಯಲು ‘ಪೊರಂಬೋಕು’ ಎಂಬ ಹೆಸರಿನಲ್ಲಿ ಸರ್ಕಾರದ್ದಾಯಿತು. ಕೊಂಗುನಾಡಿನಲ್ಲಿ ಮಳೆ ಕಡಿಮೆ, ಪಶ್ಚಿಮಘಟ್ಟದ ಮಳೆನೆರಳು ಬೇರೆ. ಹಾಗಾಗಿ ರೈತ ತನ್ನ ಹೊಲದಲ್ಲೇ ಬಾವಿ ತೋಡಿ ಕಪಿಲೆ ಹೊಡೆದು ತೋಟ ಎಬ್ಬಿಸಿದ. ತನ್ನ ಖರ್ಚಿನಲ್ಲಿ ತೋಡಿದ ಬಾವಿಗೆ ಹೆಚ್ಚುವರಿ ಕಂದಾಯ ಹಾಕಬಾರದೆಂಬ ನೀತಿ ಹತ್ತೊಂಬತ್ತನೆಯ ಶತಮಾನದಲ್ಲಿ ಗಟ್ಟಿಯಾದದ್ದು ಇಂಥ ಸೀಮೆಗಳಿಗೆ ದೊಡ್ಡ ಬಲ ಕೊಟ್ಟಿತು. 1887ರಲ್ಲಿ ಕೊಯಮತ್ತೂರು ಜಿಲ್ಲೆಯ ಕೈಪಿಡಿ ಬರೆದ ಎಫ್.ಎ. ನಿಕಲ್ಸನ್‌ಗೆ ಇಲ್ಲಿನ ಬಾವಿ ಬೇಸಾಯ ಚೆನ್ನಾಗಿ ಗೊತ್ತಿತ್ತು. ಮುಂದೆ ರೈತರಿಗೆ ಸಹಕಾರಿ ಸಾಲ ಬೇಕೆಂದು ವಾದಿಸಿದವನೂ ಅವನೇ.

ಈ ಬಳುವಳಿಗೆ ಎರಡು ಮುಖ. ಒಬ್ಬೊಬ್ಬನ ಹಕ್ಕು ಸ್ಪಷ್ಟವಾಯಿತು, ಆದರೆ ಹೊಲಗಳ ನಡುವಿನ ವಸ್ತುಗಳಿಗೆ, ಅಂದರೆ ಹಳ್ಳಕ್ಕೆ, ಅಂತರ್ಜಲಕ್ಕೆ, ಕಣಿವೆಗೆ ಹೇಳುವವರು ಕೇಳುವವರು ಉಳಿಯಲಿಲ್ಲ. ಬಾವಿ ನನ್ನದು, ಆದರೆ ಪಕ್ಕದವನು ಸಾವಿರ ಅಡಿ ಬೋರ್‌ವೆಲ್ ಕೊರೆದರೆ ನನ್ನ ಬಾವಿಯ ನೀರಿಗೆ ಯಾವ ಪಟ್ಟಾವೂ ಜಾಮೀನಲ್ಲ. ಅವಿನಾಶಿ ಸುತ್ತಿನ ಬತ್ತಿದ ಕೆರೆಗಳಿಗೆ ಭವಾನಿಯ ಹೆಚ್ಚುವರಿ ನೀರು ತುಂಬಿಸುವ ಅತ್ತಿಕಡವು–ಅವಿನಾಶಿ ಯೋಜನೆಗಾಗಿ ಜನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕೇಳಬೇಕಾಯಿತು. 2024ರ ಆಗಸ್ಟ್‌ನಲ್ಲಿ ಅದು ಉದ್ಘಾಟನೆಯಾದಾಗ ಪಟ್ಟಿಯಲ್ಲಿದ್ದ ಕೆರೆಕಟ್ಟೆಗಳು 1,045.

ಪಟ್ಟಾ ಇಲ್ಲದವರು

ಸ್ವಾತಂತ್ರ್ಯಾನಂತರದ ಭೂಸುಧಾರಣೆ ಇಲ್ಲಿ ಮೆಲ್ಲನೆ ಹಾದುಹೋಯಿತು. 1961ರ ತಮಿಳುನಾಡು ಕಾಯ್ದೆ ಕುಟುಂಬಕ್ಕೆ 30 ಸ್ಟ್ಯಾಂಡರ್ಡ್ ಎಕರೆ ಮಿತಿ ಹಾಕಿತು, 1970ರಲ್ಲಿ ಅದು 15ಕ್ಕೆ ಇಳಿಯಿತು. ಒಣಭೂಮಿಯಲ್ಲಿ ಒಂದು ಸ್ಟ್ಯಾಂಡರ್ಡ್ ಎಕರೆ ಎಂದರೆ ಹಲವು ಎಕರೆ. ವಾಲ್ಪಾರೈಯ ಚಹಾ ತೋಟಗಳಂಥ ಪ್ಲಾಂಟೇಶನ್‌ಗಳಿಗೆ ವಿನಾಯಿತಿ. ಗೇಣಿದಾರರ ರಕ್ಷಣೆಯ 1955ರ ಕಾಯ್ದೆ ಮುಖ್ಯವಾಗಿ ಕಾವೇರಿ ಮುಖಜಭೂಮಿಯ ಸಮಸ್ಯೆಗೆ ಉತ್ತರವಾಗಿತ್ತು. ಕೊಂಗಿನಲ್ಲಿ ಒಡೆಯನೇ ಉಳುವವನಾದ್ದರಿಂದ 1974ರ ಬಳಿಕ ದೇವರಾಜ ಅರಸರ ಕರ್ನಾಟಕದಲ್ಲಿ ಭೂನ್ಯಾಯಮಂಡಳಿಗಳು ಮಾಡಿದಂಥ ಕೆಲಸ ಇಲ್ಲಿ ನಡೆಯಲಿಲ್ಲ, ನಡೆಯುವ ಅವಕಾಶವೂ ಕಡಿಮೆಯಿತ್ತು.

ಆದರೆ ಉಳುವ ಒಡೆಯನ ಹೊಲದಲ್ಲಿ ಕಳೆ ಕಿತ್ತವರು, ಕಪಿಲೆ ಹೊಡೆದವರು ಬಹುಪಾಲು ಅರುಂಧತಿಯರ್ ಸಮುದಾಯದ ಆಳುಗಳು. ಗೌಂಡರ್ ಜಾತಿಯ ಒಡೆಯರ ತೋಟಗಳ ಏಳಿಗೆಯ ಕತೆಯಲ್ಲಿ ಅವರಿಗೆ ನೆಲದ ಪಾಲು ಸಿಗಲಿಲ್ಲ. 1892ರಲ್ಲಿ ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ ವರದಿಯ ಬೆನ್ನಿಗೆ ಮದರಾಸು ಸರ್ಕಾರ ದಲಿತರಿಗೆ ಭೂಮಿ ಮಂಜೂರು ಮಾಡುವ ಆದೇಶ ಹೊರಡಿಸಿತ್ತು. ‘ಪಂಚಮಿ’ ಭೂಮಿ ಎಂದು ಕರೆಯುವ ಈ ಜಮೀನನ್ನು ಪರಭಾರೆ ಮಾಡಲು ಷರತ್ತುಗಳಿದ್ದವು. ಷರತ್ತು ಕಾಗದದಲ್ಲಿ ಉಳಿದು ಜಮೀನು ಕೈಬಿಟ್ಟ ಪ್ರಕರಣಗಳು ರಾಜ್ಯದುದ್ದಕ್ಕೂ ಇವೆ. ಇಂಥದ್ದೇ ಸಮಸ್ಯೆಗೆ ಕರ್ನಾಟಕ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತಂದಿತು. ಅದರ ಮೇಲೂ ದಶಕಗಳ ಕಾಲ ವ್ಯಾಜ್ಯ ನಡೆದಿದೆ.

ಹೆಣ್ಣುಮಕ್ಕಳದು ಇನ್ನೊಂದು ಲೆಕ್ಕ. ಪಿತ್ರಾರ್ಜಿತದಲ್ಲಿ ಮಗಳಿಗೂ ಜನ್ಮಸಿದ್ಧ ಪಾಲು ಕೊಡುವ ತಿದ್ದುಪಡಿಯನ್ನು ತಮಿಳುನಾಡು 1989ರಿಂದ ಜಾರಿಗೆ ತಂದಿತು. ಕರ್ನಾಟಕ ಇದನ್ನು ಮಾಡಿದ್ದು 1994ರಲ್ಲಿ, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಆದರೆ 1989ಕ್ಕೆ ಮೊದಲೇ ಮದುವೆಯಾದವರನ್ನು ತಮಿಳುನಾಡಿನ ಆ ತಿದ್ದುಪಡಿ ಹೊರಗಿಟ್ಟಿತ್ತು. ಇದು ಸಾಲದೆಂಬಂತೆ, 1979ರಲ್ಲಿ ಆರಂಭವಾದ, ಕಂದಾಯ ದಾಖಲೆಗಳನ್ನು ಪರಿಷ್ಕರಿಸುವ ‘ಯು.ಡಿ.ಆರ್.’ ಯೋಜನೆಯಲ್ಲಿ ಹೆಸರು, ವಿಸ್ತೀರ್ಣ, ಸರ್ವೆ ನಂಬರುಗಳಲ್ಲಿ ನುಸುಳಿದ ತಪ್ಪುಗಳನ್ನು ತಿದ್ದಿಸಲು ಜನ ಇಂದಿಗೂ ತಾಲ್ಲೂಕು ಕಚೇರಿ ಸುತ್ತುತ್ತಾರೆ.

ನೆಲ ಉಳಿಯಿತು, ಫಸಲು ಹೋಯಿತು

ತಿರುಪ್ಪೂರಿನ ಬನಿಯನ್ ಉದ್ಯಮ ಹುಟ್ಟಿದ್ದು ಹೊರಗಿನ ಬಂಡವಾಳದಿಂದಲ್ಲ. ಹೊಲದಿಂದ ಬಂದ ಗೌಂಡರ್ ದುಡಿಮೆಗಾರರೇ ಹೇಗೆ ಕಾರ್ಖಾನೆ ಒಡೆಯರಾದರು ಎಂಬುದನ್ನು ಶರದ್ ಚಾರಿ ‘ಫ್ರಟರ್ನಲ್ ಕ್ಯಾಪಿಟಲ್’ ಪುಸ್ತಕದಲ್ಲಿ ವಿವರಿಸಿದ್ದಾರೆ. ಅದೇ ಉದ್ಯಮದ ಬಣ್ಣದ ನೀರು ನೊಯ್ಯಲ್ ನದಿಗೆ ಇಳಿದು, ಕೆಳಗಿನ ರೈತರ ಹೊಲ ಬಾವಿಗಳನ್ನು ಉಪ್ಪಾಗಿಸಿತು. ನೀರಾವರಿಗೆಂದು ಕಟ್ಟಿ 1992ರಲ್ಲಿ ಮುಗಿಸಿದ ಒರತ್ತುಪಾಳಯಂ ಅಣೆಕಟ್ಟು ಕೆಲವೇ ವರ್ಷಗಳಲ್ಲಿ ತ್ಯಾಜ್ಯದ ಕೊಳವಾಯಿತು. ಯಾವ ನೀರಿಗಾಗಿ ಕಾದಿದ್ದರೋ ಅದನ್ನು ಬಿಡಬೇಡಿ ಎಂದು ರೈತರೇ ಕೇಳುವ ಕಾಲ ಬಂತು.

ಇಲ್ಲಿ ಒಬ್ಬ ರೈತನ ಪಟ್ಟಾವನ್ನೂ ಯಾರೂ ಕಸಿಯಲಿಲ್ಲ. ಕಂದಾಯ ದಾಖಲೆಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ನಷ್ಟ ಲೆಕ್ಕ ಹಾಕಲು ನೇಮಿಸಿದ ಪ್ರಾಧಿಕಾರ 28,596 ರೈತರಿಗೆ ಸುಮಾರು 24.79 ಕೋಟಿ ರೂಪಾಯಿ ಪರಿಹಾರ ನಿಗದಿ ಮಾಡಿತು. ಭಾಗಿಸಿ ನೋಡಿದರೆ ಒಬ್ಬೊಬ್ಬರಿಗೆ ಸರಾಸರಿ ಒಂಬತ್ತು ಸಾವಿರವೂ ಆಗುವುದಿಲ್ಲ. ಮಲಿನ ಮಾಡಿದವರೇ ಬೆಲೆ ತೆರಬೇಕೆಂಬ ತತ್ವವನ್ನು 2009ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದೇಶಗಳನ್ನು ಪಾಲಿಸದ ಕಾರಣ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ನೂರಾರು ಡೈಯಿಂಗ್ ಘಟಕಗಳನ್ನು ಒಮ್ಮೆಗೇ ಮುಚ್ಚಿಸಿತು. ಕೋರ್ಟಿನಲ್ಲಿ ಕೊನೆಯವರೆಗೂ ನಿಂತದ್ದು ಬಿಡಿಬಿಡಿ ಪಟ್ಟಾದಾರರಲ್ಲ, ನೊಯ್ಯಲ್ ಅಚ್ಚುಕಟ್ಟುದಾರರ ಸಂಘ. ಹೊಲ ಒಬ್ಬೊಬ್ಬರದಾಗಿದ್ದರೂ ಹೊಳೆಯ ಪರವಾಗಿ ಮಾತಾಡಲು ಅವರು ಒಟ್ಟಾಗಲೇಬೇಕಾಯಿತು.

ಕೊಳವೆ ಮತ್ತು ಗೋಪುರ

ಕೊಚ್ಚಿಯಿಂದ ಬೆಂಗಳೂರಿಗೆ ಅನಿಲ ಒಯ್ಯುವ ಗೇಲ್ ಕೊಳವೆ ಕೊಯಮತ್ತೂರು, ತಿರುಪ್ಪೂರು, ಈರೋಡ್, ನಾಮಕ್ಕಲ್, ಸೇಲಂ, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಮೂಲಕ ಸುಮಾರು 310 ಕಿ.ಮೀ. ಹಾಯಬೇಕಿತ್ತು. ಇದಕ್ಕೆ ಬಳಸಿದ 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗ ಕಾಯ್ದೆ ಜಮೀನನ್ನು ವಶಪಡಿಸಿಕೊಳ್ಳುವುದಿಲ್ಲ, ಅದರ ‘ಬಳಕೆಯ ಹಕ್ಕು’ ಮಾತ್ರ ತೆಗೆದುಕೊಳ್ಳುತ್ತದೆ. ಕೊಳವೆ ಹಾಯುವ ನೆಲದ ಪಟ್ಟಿಯಲ್ಲಿ ರೈತ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆಹಾನಿ ಬಿಟ್ಟರೆ ಹಕ್ಕಿಗೆ ಸಿಗುವುದು ಮಾರುಕಟ್ಟೆ ಬೆಲೆಯ ಶೇ 10. ಬಾವಿ ಮತ್ತು ತೆಂಗನ್ನೇ ನಂಬಿದ ಸೀಮೆಯಲ್ಲಿ ಈ ಮೂರು ‘ಕೂಡದು’ಗಳು ಸೇರಿದರೆ ತೋಟಗಾರಿಕೆಯೇ ಕೂಡದು ಎಂದಂತೆ.

ರೈತರ ಪ್ರತಿಭಟನೆಯ ಬಳಿಕ 2013ರಲ್ಲಿ ಜಯಲಲಿತಾ ಸರ್ಕಾರ ಕೊಳವೆಯನ್ನು ಹೆದ್ದಾರಿಯ ಬದಿಗೆ ಸರಿಸಿ ಎಂದಿತು. ಅದೇ ವರ್ಷ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಮನವಿಯನ್ನೂ ತಳ್ಳಿಹಾಕಿತು. ಕೇಂದ್ರದ ಕಾಯ್ದೆಯ ಎದುರು ರಾಜ್ಯ ಸರ್ಕಾರದ ಮಾತೂ ನಡೆಯಲಿಲ್ಲ ಎಂದ ಮೇಲೆ ಪಟ್ಟಾದಾರನ ಮಾತು ಎಲ್ಲಿ ನಡೆದೀತು? ಕೊಯಮತ್ತೂರಿನ ಇರುಗೂರಿನಿಂದ ಬೆಂಗಳೂರು ಬಳಿಯ ದೇವನಗೊಂದಿಗೆ ತೈಲ ಸಾಗಿಸುವ ಕೊಳವೆಯ ವಿಷಯದಲ್ಲೂ ರೈತರು ಮುಂದಿಟ್ಟದ್ದು ಇದೇ ಬೇಡಿಕೆ: ಹೊಲ ಬಿಡಿ, ರಸ್ತೆ ಬದಿಯಲ್ಲಿ ಹೋಗಿ. ಈ ಕೊಳವೆಗಳ ತುದಿ ಬೆಂಗಳೂರು ಎಂಬುದನ್ನು ನಾವು ಮರೆಯಬಾರದು. ನಮ್ಮ ಒಲೆಗೂ ವಾಹನಕ್ಕೂ ಅವರ ಹೊಲದ ಮೂಲಕ ದಾರಿ.

ವಿದ್ಯುತ್ ಗೋಪುರಗಳ ಕತೆಯೂ ಹತ್ತಿರದ್ದೇ. ಛತ್ತೀಸಗಡದ ರಾಯಗಡದಿಂದ ಪುಗಳೂರಿಗೆ 800 ಕಿಲೋವೋಲ್ಟ್ ನೇರ ವಿದ್ಯುತ್ ಮಾರ್ಗ ಬಂತು, ಅಲ್ಲಿಂದ ಕೇರಳದ ತ್ರಿಶ್ಶೂರಿಗೆ ಇನ್ನೊಂದು. ಇಲ್ಲಿ ಕೆಲಸಕ್ಕೆ ಬಂದದ್ದು 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ; 2003ರ ವಿದ್ಯುತ್ ಕಾಯ್ದೆ ಅದನ್ನು ವಿದ್ಯುತ್ ಮಾರ್ಗಗಳಿಗೂ ಎರವಲು ಕೊಟ್ಟಿತು. ತಂತಿ ಎಳೆಯಲು ಭೂಮಾಲೀಕನ ಒಪ್ಪಿಗೆ ಬೇಕಿಲ್ಲ, ಸ್ವಾಧೀನವೂ ಬೇಕಿಲ್ಲ. ತಂತಿಯನ್ನು ನೆಲದಡಿ ಒಯ್ಯಿರಿ ಎಂದು ರೈತರು ಕೇಳಿದರು. ತ್ರಿಶ್ಶೂರು ಮಾರ್ಗದ ಕೇರಳ ತುದಿಯಲ್ಲಿ ಸುಮಾರು 27 ಕಿ.ಮೀ. ನೆಲದಡಿಯ ಕೇಬಲ್ಲೇ ಹೋಗಿದೆ. ತಮಿಳುನಾಡಿನ ಹೊಲಗಳಲ್ಲಿ ಗೋಪುರಗಳು ನಿಂತವು. ಆದರೆ ಹೋರಾಟ ಪೂರ್ತಿ ವ್ಯರ್ಥವಾಗಲಿಲ್ಲ. 2015ರಲ್ಲಿ ಕೇಂದ್ರ ಇಂಧನ ಸಚಿವಾಲಯ ಗೋಪುರದ ಬುಡಕ್ಕೆ ನೆಲದ ಬೆಲೆಯ ಶೇ 85, ತಂತಿಯ ಅಡಿಯ ಪಟ್ಟಿಗೆ ಗರಿಷ್ಠ ಶೇ 15 ಎಂದು ಹೇಳಿತ್ತು. 2024ರಲ್ಲಿ ಅದು ಕ್ರಮವಾಗಿ ಶೇ 200 ಮತ್ತು ಶೇ 30ಕ್ಕೆ ಏರಿತು. ನೂರು ವರ್ಷ ಬೆಲೆಯೇ ಇಲ್ಲದಿದ್ದ ಹಕ್ಕಿಗೆ ಒಂದೇ ದಶಕದಲ್ಲಿ ಇಷ್ಟು ಬೆಲೆ ಬಂತು ಎಂದರೆ ಅದರ ಹಿಂದೆ ಇಂಥ ಹಲವು ಜಿಲ್ಲೆಗಳ ಕೂಗಿದೆ.

ಸ್ವಾಧೀನ: ಒಪ್ಪಿಗೆ ಕೇಳುವ ಕಾನೂನು, ಕೇಳದ ಕಾನೂನು

2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನ, ಖಾಸಗಿ ಯೋಜನೆಗೆ ಜನರ ಒಪ್ಪಿಗೆ, ಪುನರ್ವಸತಿ ಎಂದೆಲ್ಲ ಹೇಳಿತು. ತಮಿಳುನಾಡು ಅದಕ್ಕೆ 105-ಎ ಕಲಂ ಸೇರಿಸಿ ತನ್ನ 1997ರ ಕೈಗಾರಿಕಾ ಉದ್ದೇಶದ ಸ್ವಾಧೀನ ಕಾಯ್ದೆ, 2001ರ ಹೆದ್ದಾರಿ ಕಾಯ್ದೆಗಳಿಗೆ ವಿನಾಯಿತಿ ಕೊಟ್ಟುಕೊಂಡಿತು. 2019ರಲ್ಲಿ ಹೈಕೋರ್ಟ್ ಅದನ್ನು ಹೊಡೆದುಹಾಕಿದಾಗ ಸರ್ಕಾರ ಹಳೆಯ ಕಾಯ್ದೆಗಳಿಗೆ ಮರುಜೀವ ಕೊಡುವ ಹೊಸ ಕಾನೂನು ಮಾಡಿತು. 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. 2023ರ ಭೂ ಕ್ರೋಡೀಕರಣ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ: ದೊಡ್ಡ ‘ವಿಶೇಷ ಯೋಜನೆ’ಗಳ ವ್ಯಾಪ್ತಿಯಲ್ಲಿರುವ ಕೆರೆ, ಹಳ್ಳಗಳನ್ನೂ ಯೋಜನೆಯೊಳಗೆ ಸೇರಿಸಿಕೊಳ್ಳಲು ಅದು ದಾರಿ ಮಾಡಿಕೊಟ್ಟಿದೆ ಎಂಬುದು ರೈತ ಸಂಘಟನೆಗಳ, ಪರಿಸರವಾದಿಗಳ ಆಕ್ಷೇಪ.

ಈ ಕಾನೂನುಗಳ ನಡುವೆಯೇ, 2021ರ ಅಕ್ಟೋಬರ್‌ನಲ್ಲಿ, ಅನ್ನೂರು ಮತ್ತು ಮೇಟ್ಟುಪಾಳಯಂ ತಾಲ್ಲೂಕುಗಳ 3,862 ಎಕರೆಯಲ್ಲಿ ರಾಜ್ಯ ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮ ಟಿಡ್ಕೋದ ಪಾರ್ಕು ಬರುತ್ತದೆಂಬ ಆದೇಶ ಹೊರಬಿತ್ತು. ಅತ್ತಿಕಡವು ನೀರು ಇನ್ನೇನು ಬರುತ್ತದೆಂದು ಕಾಯುತ್ತಿದ್ದ ಭಾಗವಿದು. ಹಳ್ಳಿಗಳು ಒಟ್ಟಾದವು, ಪಾದಯಾತ್ರೆ ನಡೆಯಿತು. 2022ರ ಡಿಸೆಂಬರ್‌ನಲ್ಲಿ ಸರ್ಕಾರ ಹಿಂದೆ ಸರಿದು, ಕಂಪನಿಗಳ ಒಡೆತನದ ಸುಮಾರು 1,630 ಎಕರೆ ಪಾಳು ಜಮೀನು ಸಾಕು, ರೈತರದನ್ನು ಒಪ್ಪಿಗೆಯಿಲ್ಲದೆ ಮುಟ್ಟುವುದಿಲ್ಲ ಎಂದಿತು. ದೇವನಹಳ್ಳಿಯ ಚನ್ನರಾಯಪಟ್ಟಣದ 1,777 ಎಕರೆಯ ಹೋರಾಟ ನೆನಪಾಗುತ್ತದೆ. ಅಲ್ಲಿಯೂ ಮೂರು ವರ್ಷಕ್ಕೂ ಮಿಕ್ಕ ಧರಣಿಯ ಬಳಿಕ 2025ರ ಜುಲೈಯಲ್ಲಿ ಕರ್ನಾಟಕ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಎರಡೂ ಕಡೆ ರೈತರು ಗೆದ್ದದ್ದು ರಾಜಕೀಯವಾಗಿ. ಕಾನೂನು ಇದ್ದ ಹಾಗೇ ಇದೆ. ಮುಂದಿನ ಹಳ್ಳಿ ಮತ್ತೆ ಮೊದಲಿನಿಂದ ಶುರುಮಾಡಬೇಕು.

ಕೈಬಿಡದ, ಮುಗಿಸದ ಸ್ವಾಧೀನದ ಕಷ್ಟ ಬೇರೆ ಬಗೆಯದು. ಕೊಯಮತ್ತೂರು ವಿಮಾನ ನಿಲ್ದಾಣದ ವಿಸ್ತರಣೆಗೆ ಗುರುತಿಸಿದ 600ಕ್ಕೂ ಹೆಚ್ಚು ಎಕರೆಯ ಪ್ರಕ್ರಿಯೆ ಒಂದು ದಶಕಕ್ಕೂ ಮಿಕ್ಕಿ ಎಳೆಯಿತು. ನಕ್ಷೆಯಲ್ಲಿ ಗೆರೆ ಬಿದ್ದ ಜಮೀನಿಗೆ ಕೊಳ್ಳುವವರು ಬರುವುದಿಲ್ಲ, ಅದರ ಮೇಲೆ ಮನೆ ಕಟ್ಟುವ ಧೈರ್ಯವೂ ಬರುವುದಿಲ್ಲ. ಪರಿಹಾರದ ಲೆಕ್ಕದಲ್ಲಿ ಈ ಕಾಯುವಿಕೆಗೆ ಕಾಲಂ ಇಲ್ಲ.

ಯೋಜನೆಗೂ ಮುಂಚೆ ಬೆಳೆದ ಊರು

ಕೊಯಮತ್ತೂರಿನ ಮಹಾಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಮುಂದಿನ ಕರಡು, 2041ರವರೆಗಿನ ದೃಷ್ಟಿಯದು, ಹೊರಬಂದದ್ದು 2024ರಲ್ಲಿ. ಈ ಮೂವತ್ತು ವರ್ಷಗಳಲ್ಲೇ ಅವಿನಾಶಿ ರಸ್ತೆಯ ಐಟಿ ಕಟ್ಟಡಗಳು, ಕಾಲೇಜುಗಳು, ಬಡಾವಣೆಗಳು ಎದ್ದವು. ಹಳೆಯ ನಕ್ಷೆಯಲ್ಲಿ ಕೃಷಿ ಎಂದಿದ್ದ ಸರ್ವೆ ನಂಬರುಗಳು ಒಂದೊಂದಾಗಿ, ಅರ್ಜಿ ಹಾಕಿದವರ ಅನುಕೂಲದಂತೆ ವಸತಿಯಾಗಿ, ವಾಣಿಜ್ಯವಾಗಿ ಬದಲಾದವು. ಹಾಗೆ ಅರ್ಜಿ ಹಾಕದವರೂ ಕಡಿಮೆಯಿರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅನುಮೋದನೆಯಿಲ್ಲದ ನಿವೇಶನಗಳ ನೋಂದಣಿಯನ್ನೇ ತಡೆದಾಗ ರಾಜ್ಯದ ಉಪನೋಂದಣಿ ಕಚೇರಿಗಳು ಭಣಗುಟ್ಟಿದವು. 2017ರಲ್ಲಿ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ನಿಯಮ ಬಂತು. ನಮ್ಮ ಅಕ್ರಮ–ಸಕ್ರಮ ಕಂಡವರಿಗೆ ಇದರ ಹಾದಿ ಬಿಡಿಸಿ ಹೇಳಬೇಕಿಲ್ಲ.

ಊರು ಬೆಳೆದರೆ ಇಟ್ಟಿಗೆ ಬೇಕು. ಕೊಯಮತ್ತೂರಿನ ಪಶ್ಚಿಮದ ತಡಾಗಂ ಕಣಿವೆಯಲ್ಲಿ ಪಟ್ಟಾ ಜಮೀನಿನ ಕೆಂಪು ಮಣ್ಣನ್ನೇ ಅಗೆದು ಮಾರಲಾಯಿತು. ಆನೆಗಳು ಓಡಾಡುವ ಆ ತಪ್ಪಲು ಆಳದ ಹೊಂಡಗಳಾಯಿತು. 2021ರ ಮಾರ್ಚ್‌ನಲ್ಲಿ ಅಲ್ಲಿನ 180ಕ್ಕೂ ಹೆಚ್ಚು ಗೂಡುಗಳನ್ನು ಮುಚ್ಚಿಸಲಾಯಿತು. ಬೆಟ್ಟಪ್ರದೇಶ ಸಂರಕ್ಷಣಾ ಪ್ರಾಧಿಕಾರ 1990ರಿಂದಲೇ ಇದ್ದರೂ, ಮಣ್ಣಿನ ಮಾಲೀಕರು ಮಾರಲು ಒಪ್ಪಿದಾಗ ಕಣಿವೆಗೆ ಆಗುವ ನಷ್ಟ ಯಾರ ನಷ್ಟವೂ ಅಲ್ಲವೆಂಬಂತೆ ಕೆಲಸ ಸಾಗಿತ್ತು. ಕೊಳವೆಯ ಪ್ರಕರಣದಲ್ಲಿ ಮಾಲೀಕನ ಮಾತು ನಡೆಯಲಿಲ್ಲ, ಇಲ್ಲಿ ಮಾಲೀಕನದಷ್ಟೇ ನಡೆಯಿತು. ಎರಡೂ ಕಡೆ ಕಾಣೆಯಾದದ್ದು ಊರಿನ ಮಾತು.

ಕಾಂಗೇಯದ ಹುಲ್ಲುಗಾವಲು

ತಿರುಪ್ಪೂರು ಜಿಲ್ಲೆಯ ಕಾಂಗೇಯಂ, ಧಾರಾಪುರಂ ಕಡೆ ‘ಕೊರಂಗಾಡು’ ಎಂಬ ವಿಶಿಷ್ಟ ಭೂಬಳಕೆ ಇದೆ. ಕಿಳುವೈ ಮುಳ್ಳಿನ ಜೀವಂತ ಬೇಲಿ, ಒಳಗೆ ಬಿಳಿಜಾಲಿ ಮರಗಳು, ನೆಲದ ತುಂಬ ಕೊಳುಕಟ್ಟೈ ಹುಲ್ಲು. ಮೇವಿಗೆಂದೇ ಉಳಿಸಿಕೊಂಡ ಖಾಸಗಿ ಹುಲ್ಲುಗಾವಲು ಇದು. ಕಾಂಗೇಯಂ ತಳಿಯ ಎತ್ತುಗಳು ಬೆಳೆದದ್ದು ಇಂಥ ಬೇಲಿಗಳೊಳಗೆ. ನಮ್ಮಲ್ಲಿ ಅಮೃತಮಹಲ್ ತಳಿಗೆ ಇದ್ದ ಕಾವಲುಗಳು ಸರ್ಕಾರಿ ದಾಖಲೆಯವಾದ್ದರಿಂದ ಚಳ್ಳಕೆರೆಯಲ್ಲಿ 9 ಸಾವಿರಕ್ಕೂ ಹೆಚ್ಚು ಎಕರೆ ರಕ್ಷಣಾ, ಅಣು, ವಿಜ್ಞಾನ ಮುಂತಾದ ಸಂಸ್ಥೆಗಳಿಗೆ ಆದೇಶಗಳ ಮೂಲಕವೇ ಹೋಯಿತು. ಕೊರಂಗಾಡಿಗೆ ಹಾಗೆ ಆದೇಶ ಹೊರಡಿಸಲಾಗದು. ಆದರೆ ಅದು ಬೇರೆ ಬಗೆಯಲ್ಲಿ ಸವೆಯುತ್ತಿದೆ: ಪಾಲಕ್ಕಾಡು ಕಣಿವೆಯ ಗಾಳಿಗೆ ಬಂದ ಗಾಳಿಯಂತ್ರಗಳು, ಈಚೆಗೆ ಸೋಲಾರ್ ಫಲಕಗಳು, ನಿವೇಶನಗಳು ಒಂದೊಂದೇ ಹೊಲವನ್ನು ಕೊಂಡುಕೊಳ್ಳುತ್ತಿವೆ. ಸೋಲಾರ್ ಬೇಡವೆನ್ನಲಾಗದು, ಆದರೆ ಹುಲ್ಲುಗಾವಲನ್ನು ಕಂದಾಯದ ಭಾಷೆಯಲ್ಲಿ ‘ಬರಡು’ ಎಂದು ಎಣಿಸುವವರೆಗೆ ಅದರ ಬೆಲೆ ಯಾವ ನಕ್ಷೆಯಲ್ಲೂ ಕಾಣುವುದಿಲ್ಲ.

ಹಾಗಾದರೆ ಏನು?

ಈ ಎರಡು ಜಿಲ್ಲೆಗಳ ಅನುಭವವನ್ನು ಒಟ್ಟಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ಒಡೆತನವನ್ನು ಗಟ್ಟಿ ಮಾಡುವುದೇ ಭೂನೀತಿಯ ಗುರಿ ಎಂದು ಭಾವಿಸಿದರೆ ಅರ್ಧ ಕೆಲಸವೂ ಆಗುವುದಿಲ್ಲ. ಇಲ್ಲಿ ಪಟ್ಟಾ ರೈತನನ್ನು ಪಕ್ಕದವನಿಂದ, ಸಾಲ ಕೊಟ್ಟವನಿಂದ ಕಾಪಾಡಿತು. ಕೊಳವೆ, ತಂತಿ, ಬಣ್ಣದ ನೀರಿನಿಂದ ಕಾಪಾಡಲಿಲ್ಲ. ಕಣಿವೆಯನ್ನು ರೈತನಿಂದಲೂ ಕಾಪಾಡಲಿಲ್ಲ. ನೆಲವೇ ಇಲ್ಲದವರಿಗಂತೂ ಅದು ಮೊದಲಿನಿಂದಲೂ ಲೆಕ್ಕಕ್ಕಿರಲಿಲ್ಲ.

ಮೊದಲ ತಿದ್ದುಪಡಿ ಮಾರ್ಗದ ವಿಷಯದಲ್ಲಿ ಆಗಬೇಕು. ಕೊಳವೆ, ತಂತಿ, ರಸ್ತೆಯ ಬದಲಿ ಮಾರ್ಗಗಳನ್ನು ಆರಂಭದಲ್ಲೇ ಬಹಿರಂಗಪಡಿಸಿ, ಗ್ರಾಮಸಭೆಗಳ ಮುಂದಿಟ್ಟು, ರಸ್ತೆಬದಿ ಏಕೆ ಆಗದು ಎಂಬುದಕ್ಕೆ ಲಿಖಿತ ಉತ್ತರ ಕೊಡುವುದು ಕಾನೂನಿನ ಭಾಗವಾಗಬೇಕು. ಬಳಕೆಯ ಹಕ್ಕಿಗೆ ಒಂದೇ ಸಲದ ಪುಡಿಗಾಸಿನ ಬದಲು, ಕೊಳವೆ ದುಡಿಯುವಷ್ಟು ಕಾಲ ವಾರ್ಷಿಕ ಬಾಡಿಗೆ ಕೊಡುವುದು ನ್ಯಾಯ. ಗೋಪುರದ ದರ ಏರಿದ್ದನ್ನು ನೋಡಿದರೆ ಇದು ಅಸಾಧ್ಯವೇನಲ್ಲ. ಎರಡನೆಯದು ಮಹಾಯೋಜನೆ. ಮೂವತ್ತು ವರ್ಷಕ್ಕೊಮ್ಮೆ ಬರುವ ನಕ್ಷೆಗೆ ಬೆಲೆಯಿಲ್ಲ. ಕೆರೆ, ಹಳ್ಳ, ಕಣಿವೆ, ಹುಲ್ಲುಗಾವಲುಗಳನ್ನು ಸರ್ವೆ ನಂಬರಿಗಿಂತ ಮೊದಲು ಗುರುತಿಸಿ, ಐದಾರು ವರ್ಷಕ್ಕೊಮ್ಮೆ ತಿದ್ದುವ ನಕ್ಷೆ ಬೇಕು. ಮೂರನೆಯದು, ಪರಿಹಾರ ಪಟ್ಟಾದಾರನ ಬಳಿಯೇ ನಿಲ್ಲಬಾರದು. ಆ ಹೊಲದಲ್ಲಿ ದುಡಿದು ಬದುಕುವ ಕೂಲಿ ಕುಟುಂಬದ ನಷ್ಟವೂ ಲೆಕ್ಕಕ್ಕೆ ಬರಬೇಕು.

ಕರ್ನಾಟಕಕ್ಕೆ ಇಲ್ಲಿ ತಕ್ಷಣದ ಪಾಠವಿದೆ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಬಾರದೆಂಬ 79-ಎ, 79-ಬಿ ಕಲಂಗಳನ್ನು ನಾವು 2020ರಲ್ಲಿ ತೆಗೆದೆವು; ತಮಿಳುನಾಡಿನಲ್ಲಿ ಅಂಥ ತಡೆ ಇರಲೇ ಇಲ್ಲ. ಯಾರು ಬೇಕಾದರೂ ಕೊಳ್ಳಬಹುದಾದ ನೆಲ ಅರ್ಧ ಶತಮಾನದಲ್ಲಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಕೊಳ್ಳುವವರು ಯಾರು ಎಂದು ನಾವು ವಿಧಾನಸಭೆಯಲ್ಲೂ ಬೀದಿಯಲ್ಲೂ ಬೇಕಾದಷ್ಟು ಜಗಳವಾಡಿದ್ದೇವೆ. ಕೊಂಡ ಮೇಲೆ ಆ ನೆಲದಲ್ಲಿ ಏನಾಗಬೇಕು, ಅದನ್ನು ತೀರ್ಮಾನಿಸುವಾಗ ಊರಿಗೆ ಎಷ್ಟು ಮಾತು ಎಂಬ ಚರ್ಚೆಯನ್ನು ನಾವಿನ್ನೂ ಶುರುಮಾಡಿಲ್ಲ. ಕಾನೂನನ್ನು ಮತ್ತೆ ತಿದ್ದುವ ಮುನ್ನ ಅದು ನಡೆಯಬೇಕು.